ನದಿಯಾಚೆಯಿಂದ ಬಂದ ಕರೆಗಳು

ಅಂತರರಾಷ್ಟ್ರೀಯ ಕಾನೂನು ಮತ್ತು ರಾಜತಾಂತ್ರಿಕತೆ ಓದಲು ನಾನು ದಿಲ್ಲಿಗೆ ಹೋದ ಮೇಲೆ, ಅದೇನು ಓದು ಎಂದು ಸವಣೂರಿನ ನಮ್ಮ ಓಣಿಯವರಿಗೆ ತಿಳಿಸಿ ಹೇಳುವ ಕೆಲಸ ಅವ್ವನ ಪಾಲಿಗೆ ಬಂತು. ವಕೀಲಕಿ ಆಗ್ತಾಳೇನು ಎಂದು ಕೇಳಿದರೆ ಅಲ್ಲ, ತಹಶೀಲ್ದಾರ್ ಆಗ್ತಾಳೇನು ಎಂದರೆ ಅದೂ ಅಲ್ಲ. ಕಡೆಗೆ ಅವ್ವ, "ಪರದೇಶದಾಗ ನಮ್ಮ ಮಂದಿ ಸಿಕ್ಕೊಂಡ್ರ ಹೆಂಗ ಬಿಡಿಸ್ಕೊಂಡ ಬರಬೇಕು ಅಂತ ಕಲ್ಯಾಕತ್ತಾಳ" ಎಂದು ಹೇಳತೊಡಗಿದಳು. ನನ್ನ ಪ್ರಬಂಧದ ವಿಷಯ ಹೆಚ್ಚುಕಡಿಮೆ ಅದರ ಹತ್ತಿರದ್ದೇ. ಪರದೇಶದಲ್ಲಿ ಒಬ್ಬ ಪ್ರಜೆ ಬಂಧನಕ್ಕೆ ಒಳಗಾದರೆ ಅವನ ದೇಶದ ರಾಯಭಾರ ಕಚೇರಿಗೆ ಸುದ್ದಿ ಮುಟ್ಟಿಸಬೇಕು, ಕಚೇರಿಯವರು ಅವನನ್ನು ಕಂಡು ಮಾತಾಡಲು ಬಿಡಬೇಕು ಎಂಬ ನಿಯಮಗಳನ್ನು ಕುರಿತದ್ದು. ಅವ್ವ ಹೇಳಿದ್ದನ್ನು ಓಣಿಯವರು ನಂಬಿದರು. ದೊಡ್ಡವ್ವನೂ ನಂಬಿದಳು.

ದೊಡ್ಡವ್ವ ನನ್ನ ಅವ್ವನ ಅಕ್ಕ. ಹಿರೇಕೆರೂರು ತಾಲ್ಲೂಕಿನ ಹಂಸಭಾವಿಯಲ್ಲಿ ಅವಳ ಮನೆ. ಅವಳಿಗೆ ಒಬ್ಬನೇ ಮಗ, ನನಗೆ ಅಣ್ಣ. ಬಿ.ಕಾಂ. ಮುಗಿಸಿ ಶಿಗ್ಗಾಂವಿಯ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಕಲಿಸುತ್ತಿದ್ದ. ಹುಲಗೂರಿನಿಂದ, ಹಾನಗಲ್ಲಿನಿಂದ ಬಸ್ಸು ಹಿಡಿದು ಬರುವ ಹುಡುಗ ಹುಡುಗಿಯರಿಗೆಲ್ಲ ಅವನು 'ಸರ್'. ಟೈಪಿಂಗ್ ಕಲಿಯುವವರ ಕೈಮೇಲೆ ಕರವಸ್ತ್ರ ಹಾಸಿ, ಕೀಲಿ ನೋಡದೆ ಒತ್ತಿರಿ ಎನ್ನುತ್ತಿದ್ದನಂತೆ. ಅದೇ ಕೋಣೆಯಲ್ಲಿ ಅದೇ ಪಾಠ ಹೇಳಿ ಹೇಳಿ ಅವನಿಗೆ ಬೇಸರ ಬಂದಿತ್ತು. ಹುಬ್ಬಳ್ಳಿಯ ಏಜೆಂಟನೊಬ್ಬ ಪೂರ್ವದ ಕಡೆಯ ದೇಶವೊಂದರ ಹೋಟೆಲಿನಲ್ಲಿ ಗಿರಾಕಿಗಳ ಫೋನು ಎತ್ತುವ ಕೆಲಸವಿದೆ ಎಂದಾಗ, "ಎರಡ ವರ್ಷ ಸಮುದ್ರ ನೋಡ್ಕೋತ ಇದ್ದ ಬರ್ತೇನಿ" ಎಂದು ಹೊರಟುಬಿಟ್ಟ.

ಅವನು ಹೋಗಿ ಕೆಲವು ತಿಂಗಳಾದ ಮೇಲೆ ನಾನು ಪ್ರಬಂಧ ಬರೆಯಲೆಂದು ಊರಿಗೆ ಬಂದೆ. ಬಂದ ವಾರದಲ್ಲೇ ದೊಡ್ಡವ್ವ ಸವಣೂರಿಗೆ ಬಂದಳು. ಚೀಲ ಕೆಳಗಿಡುವ ಮೊದಲೇ ಮಾತು ತೆಗೆದಳು.

"ಆಯ್ತವಾರಕ್ಕೊಮ್ಮೆ ಫೋನ್ ಮಾಡ್ತಾನ. ಚಲೋ ಅದೇನಿ ಅಂತಾನ. ಆದ್ರ ಸಾಲಿ ಪುಸ್ತಕ ಓದಿದಂಗ ಮಾತಾಡ್ತಾನವಾ."

"ಪರಊರಾಗ ನಾಕ ಮಂದಿ ಕೂಡ ಇದ್ದಾನ. ಮಾತ ಬದಲಾಗಿರಬೇಕ ಬಿಡ" ಎಂದಳು ಅವ್ವ.

"ಹೆತ್ತ ತಾಯಿಗೆ ನೀವು ಅಂತಾನ" ಎಂದಳು ದೊಡ್ಡವ್ವ.

ನಮ್ಮಲ್ಲಿ ಯಾವ ಮಗನೂ ಅವ್ವನಿಗೆ ನೀವು ಅನ್ನುವುದಿಲ್ಲ.

ಮುಂದಿನ ಭಾನುವಾರ ಹಾವೇರಿಯಲ್ಲಿ ಬಸ್ಸು ಬದಲಿಸಿ ಹಂಸಭಾವಿಗೆ ಹೋದೆ. ಊಟದ ಹೊತ್ತಿಗೆ ಫೋನು ಬಂತು. ದೊಡ್ಡವ್ವ ಸ್ಪೀಕರ್ ಹಾಕಿ ಫೋನನ್ನು ಕಟ್ಟೆಯ ಮೇಲಿಟ್ಟಳು. "ನಾನು ಕ್ಷೇಮವಾಗಿದ್ದೇನೆ. ಊಟದ ವ್ಯವಸ್ಥೆ ಉತ್ತಮವಾಗಿದೆ. ನೀವು ಚಿಂತಿಸಬೇಡಿ" ಎಂದ ಅಣ್ಣ. ದನಿ ಅವನದೇ. ಆದರೆ ಪ್ರತಿ ವಾಕ್ಯದ ನಂತರ ಒಂದಿಷ್ಟು ತಡೆಯುತ್ತಿದ್ದ, ಯಾರೋ ಒಪ್ಪಿಗೆ ಕೊಡಲಿ ಎನ್ನುವ ಹಾಗೆ. ನಾನು ಬಂದಿದ್ದೇನೆಂದು ತಿಳಿದು, ನನ್ನೊಂದಿಗೆ ಮಾತಾಡಬೇಕೆಂದ.

"ತಂಗಿ, ಇಲ್ಲಿ ಕಾನೂನು ಮತ್ತು ಇಂಗ್ಲಿಷ್ ಬಲ್ಲವರಿಗೆ ಒಳ್ಳೆಯ ಅವಕಾಶವಿದೆ. ನೀನು ಬರಬೇಕು. ವಿಮಾನದ ವ್ಯವಸ್ಥೆ ಅವರೇ ಮಾಡುತ್ತಾರೆ."

ಆ ಕಡೆ ಇನ್ನೊಬ್ಬರು ಉಸಿರಾಡುವುದು ಕೇಳುತ್ತಿತ್ತು. ಬೇಕೆಂದೇ ನಮ್ಮ ಮಾತಿನಲ್ಲಿ, ಅವಸರದಿಂದ ಕೇಳಿದೆ: "ಯಾಕೋ ಅಣ್ಣಾ ಹಿಂಗ ಮಾತಾಡಾಕತ್ತಿ, ಬಾಜೂಕ ಯಾರ ಕುಂತಾರ?"

ಅವನು ನಕ್ಕ. ಏನೋ ಚೇಷ್ಟೆಗೆ ನಕ್ಕಂತೆ ನಕ್ಕು, ಅದೇ ನಗೆಯ ದನಿಯಲ್ಲಿ, "ಬರಬ್ಯಾಡವಾ, ಯಾರ ಕರದ್ರೂ ಬರಬ್ಯಾಡ, ಹೊಳಿ ದಾಟಿಸಿ ಕೂಡಿ ಹಾಕ್ಯಾರ" ಎಂದ. ಹಿಂದೆಯೇ, "ಸಂಬಳವೂ ಚೆನ್ನಾಗಿದೆ" ಎಂದ. ಕುರ್ಚಿ ಎಳೆದ ಸದ್ದಾಯಿತು. ಫೋನು ಕಡಿಯಿತು.

ದೊಡ್ಡವ್ವ ನನ್ನ ಮುಖ ನೋಡಿದಳು. "ಕಲ್ತೀಯಲ್ಲವಾ, ಬಿಡಿಸ್ಕೊಂಡ ಬಾ" ಎಂದಳು, ಅಷ್ಟೇ.

ರಾಯಭಾರ ಕಚೇರಿಗೆ, ದಿಲ್ಲಿಯ ವಿದೇಶಾಂಗ ಇಲಾಖೆಗೆ ಅಂದೇ ಬರೆದೆ. ಹಾವೇರಿಯಲ್ಲಿ ಪೊಲೀಸರಿಗೆ ದೂರು ಕೊಟ್ಟೆ. ನಮಗೆ ಪಾಠ ಹೇಳುತ್ತಿದ್ದವರೊಬ್ಬರು ರಾಯಭಾರಿಯಾಗಿ ನಿವೃತ್ತರಾದವರು. ಅವರಿಗೆ ಫೋನು ಮಾಡಿ ಅಣ್ಣ ಹೋದ ದೇಶದ ಹೆಸರು ಹೇಳಿದಾಗ ಅವರು ಕೇಳಿದ ಮೊದಲ ಪ್ರಶ್ನೆ, "ಗಡಿ ನದಿಯ ಯಾವ ದಂಡೆ?" ದಾಟಿಸಿದ್ದಾರಂತೆ ಎಂದೆ. ಅವರು, "ಆಚೆ ದಂಡೆಯಲ್ಲಿ ಸರಕಾರ ನಕಾಶೆಯಲ್ಲಿ ಮಾತ್ರ ಇದೆ. ನಿಜದಲ್ಲಿ ಬಂದೂಕು ಹಿಡಿದವರ ರಾಜ್ಯ. ಅಲ್ಲಿ ಅವನನ್ನು ಯಾವ ಸರಕಾರವೂ ಬಂಧಿಸಿಲ್ಲ, ಹಾಗಾಗಿ ನಮಗೆ ಸುದ್ದಿ ಕೊಡಬೇಕಾದವರೂ ಯಾರೂ ಇಲ್ಲ. ಆದರೂ ಬರೆಯುತ್ತಲೇ ಇರು" ಎಂದರು.

ನನ್ನ ಪ್ರಬಂಧದ ಎರಡು ಅಧ್ಯಾಯ ಆಗಲೇ ಮುಗಿದಿದ್ದವು. ಬಂಧಿಸುವ ರಾಷ್ಟ್ರ, ಕಳಿಸಿದ ರಾಷ್ಟ್ರ, ಎರಡರ ಕರ್ತವ್ಯಗಳು ಎಂದೆಲ್ಲ ಬರೆದಿದ್ದೆ. ಬಂಧಿಸುವ ರಾಷ್ಟ್ರವೇ ಇಲ್ಲದ ಜಾಗದಲ್ಲಿ ನಮ್ಮ ಅಣ್ಣ ಇದ್ದ.

ಮುಂದಿನ ಭಾನುವಾರ ಫೋನು ಬರಲಿಲ್ಲ. ಅದರ ಮುಂದಿನದೂ ಬರಲಿಲ್ಲ. ದೊಡ್ಡವ್ವ ಭಾನುವಾರ ಅಡಿಗೆ ಮಾಡುವುದನ್ನೇ ಬಿಟ್ಟಳು.

ಹೀಗೆ ಒಂದು ತಿಂಗಳು ಕಳೆದ ಮೇಲೆ ನನಗೊಂದು ವಿಚಾರ ಹೊಳೆದು, ಕೂತಲ್ಲಿ ಕೂರಲಾಗಲಿಲ್ಲ. ಅಣ್ಣನ ಬಾಯಿಂದ ನನ್ನನ್ನು ಕರೆಸಿದವರು ಇನ್ನೂ ಯಾರನ್ನಾದರೂ ಕರೆಸಿರಬಹುದಲ್ಲ. ಶಿಗ್ಗಾಂವಿಗೆ ಹೋಗಿ ತರಬೇತಿ ಕೇಂದ್ರದ ಮಾಲಕರನ್ನು ಕೇಳಿದೆ. ಅವರು ಸಂತೋಷದಿಂದಲೇ ಹೇಳಿದರು: "ಹೌದ್ರಿ, ನಮ್ಮ ಸರ್ ಒಂದ ಹುಡುಗಿಗೆ ಕೆಲಸ ಕೊಡಿಸ್ಯಾರಂತ. ಹಾನಗಲ್ಲದಕಿ. ಭಾಳ ಶ್ಯಾಣ್ಯಾಕಿ."

ವಿಳಾಸ ಕೇಳಿಕೊಂಡು ಅಲ್ಲಿಂದಲೇ ಹಾನಗಲ್ಲಿನ ಬಸ್ಸು ಹತ್ತಿದೆ. ಊರ ಅಂಚಿನಲ್ಲಿ ಹೊಸದಾಗಿ ಗಿಲಾವು ಮಾಡಿದ ಎರಡು ಕೋಣೆಯ ಮನೆ. ಹುಡುಗಿಯ ಅಪ್ಪ ಗಾರೆ ಕೆಲಸದ ಗೌಂಡಿ, ಅಂದು ಕೆಲಸಕ್ಕೆ ಹೋಗಿರಲಿಲ್ಲ. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಪದವಿಯ ನಿಲುವಂಗಿ ತೊಟ್ಟ ಮಗಳ ಫೋಟೊ. ಸರ್ ಅವರ ತಂಗಿ ಎಂದು ಹೇಳಿಕೊಂಡಾಗ ತಾಯಿ ಕೈಹಿಡಿದು ಒಳಗೆ ಕರೆದಳು.

"ಬರ್ರಿ, ಕುಂತ್ಕೋರಿ. ಆಕಿ ಹೋದ ವಾರಾನ ಹೋದ್ಲರಿ. ಸರ್ ಕರದ್ರಲ್ಲ, ಇಲ್ಲಂದ್ರ ನಾವ್ ಎಲ್ಲಿ ಕಳಸ್ತಿದ್ವಿ?"

"ಫೋನ್ ಮಾಡ್ಯಾಳೇನ್ರಿ?"

"ಬಂದ ಮುಟ್ಟೇನಿ, ಕಾರಿನ್ಯಾಗ ಕರ್ಕೊಂಡ ಹೊಂಟಾರ ಅಂದ್ಲು. ಆಮ್ಯಾಲ ಫೋನ್ ಹತ್ತವಲ್ದು."

ಚಹಾ ಬಂತು. ಕಪ್ಪನ್ನು ಕೈಯಲ್ಲಿ ಹಿಡಿದುಕೊಂಡೇ ಹೇಳಿದೆ. ಹಂಸಭಾವಿಯಲ್ಲಿ ನಾನು ಕೇಳಿದ್ದನ್ನು, ಅಣ್ಣ ನನಗೆ ಬರಬೇಡ ಎಂದದ್ದನ್ನು, ಏನನ್ನೂ ಬಿಡದೆ ಹೇಳಿದೆ. ತಾಯಿಗೆ ಅರ್ಥವಾಗಲು ತಡವಾಯಿತು. "ಕೂಡಿ ಹಾಕೂದಂದ್ರ ಹೆಂಗ್ರಿ, ಹಾಸ್ಟೆಲ್ಲಿನಂಗೇನು?" ಎಂದು ಕೇಳಿದಳು. ಅಪ್ಪನಿಗೆ ಅರ್ಥವಾಗಿತ್ತು. ಅವರು ಎದ್ದು ಅಂಗಿ ತೊಟ್ಟು, "ಪೋಲಿಸ್ರ ಕಡೆ ನಡೀರಿ" ಎಂದರು.

ಆಮೇಲಿನ ತಿಂಗಳುಗಳಲ್ಲಿ ನಾನು ದಿಲ್ಲಿಗೂ ಹೋಗಿಬಂದೆ. ಹಾನಗಲ್ಲಿನ ಅಪ್ಪ ವಾರಕ್ಕೊಮ್ಮೆ ಫೋನು ಮಾಡುತ್ತಿದ್ದರು. ಬೈಯುತ್ತಿರಲಿಲ್ಲ. "ಏನರ ತಿಳೀತೇನ್ರಿ?" ಎಂದು ಕೇಳಿ, ಇಲ್ಲವೆಂದರೆ "ಇರಲಿ" ಎಂದು ಇಡುತ್ತಿದ್ದರು. ತರಗತಿಯಲ್ಲಿ ನಮ್ಮನ್ನು ರಾಷ್ಟ್ರಗಳಾಗಿ ಹಂಚಿ ಸಂಧಾನದ ಅಭ್ಯಾಸ ಮಾಡಿಸುತ್ತಿದ್ದರು. ಮೇಜಿನ ಮೇಲೆ ದೇಶದ ಹೆಸರಿನ ಫಲಕ ಇಟ್ಟುಕೊಂಡು, 'ನಮ್ಮ ಸರಕಾರ ಕಳವಳ ವ್ಯಕ್ತಪಡಿಸುತ್ತದೆ' ಎಂದು ಹೇಳಬೇಕಾಗಿ ಬಂದಾಗ ನಾನು ಫಲಕವನ್ನು ಪಕ್ಕದವರತ್ತ ಸರಿಸುತ್ತಿದ್ದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಆಚೆ ದಂಡೆಯ ಬಂದೂಕಿನವರಿಗೂ ಈಚೆಯ ಸರಕಾರಕ್ಕೂ ಏನು ಮಾತಾಯಿತೋ, ಕೆಲವು ಕಟ್ಟಡಗಳ ಬಾಗಿಲು ತೆರೆದವು. ನೂರಾರು ಜನ ನದಿ ದಾಟಿ ಬಂದರು. ನಮ್ಮ ದೇಶದವರನ್ನು ವಿಮಾನದಲ್ಲಿ ಕರೆತಂದರು. ಮೊದಲ ತಂಡದಲ್ಲಿ ಅಣ್ಣನಿದ್ದ. ಹಾನಗಲ್ಲಿನ ಹುಡುಗಿ ಇರಲಿಲ್ಲ. ಅವಳನ್ನು ಬೇರೆ ಕಟ್ಟಡಕ್ಕೆ ಒಯ್ದಿದ್ದರಂತೆ.

ಅಣ್ಣ ಎಡಗೈಯ ಎರಡು ಬೆರಳು ಮಡಚಲಾಗದೆ ಬಂದಿದ್ದ. ಹಂಸಭಾವಿಯ ಮನೆಯಲ್ಲಿ ಬಾಗಿಲಿಗೆ ಬೆನ್ನು ಕೊಟ್ಟು ಕೂರುತ್ತಿರಲಿಲ್ಲ. ಅಲ್ಲಿ ಅವನ ಕೆಲಸ ಗುರುತಿಲ್ಲದ ಜನರಿಗೆ ದಿನವಿಡೀ ಸಂದೇಶ ಕಳಿಸಿ ಸ್ನೇಹ ಬೆಳೆಸಿ ಮೋಸಕ್ಕೆ ಕೆಡವುವುದು. ಮನೆಗೆ ಮಾತಾಡುವಾಗ ಕಾವಲಿನವರು ಮೇಜಿನ ಮೇಲೆ ಇನ್ನೊಂದು ಫೋನು ಇಡುತ್ತಿದ್ದರು. ಅವನು ಆಡಿದ್ದನ್ನೆಲ್ಲ ಅದು ಅವರ ಭಾಷೆಗೆ ತಿರುಗಿಸುತ್ತಿತ್ತು. ಅದಕ್ಕೆ ಪುಸ್ತಕದ ಕನ್ನಡ ತಿಳಿಯುತ್ತಿತ್ತು, ನಮ್ಮ ಮಾತು ತಿಳಿಯುತ್ತಿರಲಿಲ್ಲ. ನಮ್ಮ ಮಾತು ಬಂದರೆ ಪೆಟ್ಟು ಬೀಳುತ್ತಿತ್ತು.

ಬಂದ ಮೂರನೆಯ ದಿನ ಅವನೇ, "ಹಾನಗಲ್ಲಕ್ಕ ಹೋಗೂಣು" ಎಂದ. ದೊಡ್ಡವ್ವ ಬೇಡವೆಂದಳು. ನಾನೂ ಸ್ವಲ್ಪ ದಿನ ಕಳೆಯಲಿ ಎಂದೆ. ಅವನು ಕೇಳಲಿಲ್ಲ.

ಆ ಮನೆಯಲ್ಲಿ ಈ ಸಲ ಯಾರೂ ಕುಂತ್ಕೋರಿ ಅನ್ನಲಿಲ್ಲ. ಅಣ್ಣ ಹೊಸ್ತಿಲ ಹೊರಗೇ ನಿಂತ. ಹುಡುಗಿಯ ಅಪ್ಪ ಬಹಳ ಹೊತ್ತು ಅವನ ಕೈಯನ್ನೇ ನೋಡಿದರು. ಆಮೇಲೆ ಕೇಳಿದರು:

"ನಿಮ್ಮ ತಂಗಿಗೆ ಬರಬ್ಯಾಡ ಅಂದ್ರಿ. ನನ್ನ ಮಗಳಿಗೆ ಯಾಕ ಅನಲಿಲ್ಲ?"

"ತಂಗಿಗೆ ಅಂದದ್ದಕ್ಕ ಹೊಡದ್ರು. ಕತ್ತಲ ಕೋಣ್ಯಾಗ ಹಾಕಿದ್ರು. ಹೊರಗ ತಗದ ದಿವಸಾನ ಫೋನ್ ಕೈಯಾಗ ಕೊಟ್ಟು ನಿಮ್ಮ ಮಗಳಿಗೆ ಹಚ್ಚಿಸಿದ್ರು." ಅಣ್ಣನ ದನಿ ನಡುಗುತ್ತಿರಲಿಲ್ಲ, ಅದೇ ನನಗೆ ಹೆದರಿಕೆ ತಂದಿತು. "ಅಂಜಿದ್ನಿರಿ. ಒಬ್ರನ್ನ ಕರಸಿದ್ರ ನಿನ್ನ ಬಿಡ್ತೇವಿ ಅಂದಿದ್ರು. ಆಕಿ ಬರಲಿ, ನನ್ನ ಬಿಡಲಿ ಅನಿಸಿತ್ತು."

ತಾಯಿ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಅಪ್ಪ, "ಖರೇ ಹೇಳಿದ್ರಿ. ಇನ್ನ ಹೋಗ್ರಿ" ಎಂದರು.

ನನ್ನನ್ನು ಉಳಿಸಿದ ಆ ಒಂದು ಮಾತಿನ ಪೆಟ್ಟು ಎಲ್ಲಿ ಬಿದ್ದಿತು ಎಂಬುದು ನನಗೆ ಆ ದಿನ ತಿಳಿಯಿತು.

ಹುಡುಗಿ ಬಂದದ್ದು ಚಳಿಗಾಲದಲ್ಲಿ, ಕೊನೆಯ ತಂಡದಲ್ಲಿ. ಪೊಲೀಸರ ಮುಂದೆ ಅವಳು ಅಣ್ಣನ ಹೆಸರು ಹೇಳಿದಳು. ಅವನು, "ಆಕಿ ಹೇಳಿದ್ದೆಲ್ಲಾ ಖರೇ ಐತಿ" ಎಂದು ಒಪ್ಪಿಕೊಂಡ. ಪ್ರಕರಣ ಇನ್ನೂ ನಡೆದಿದೆ. ಮನುಷ್ಯ ಸಾಗಾಟಕ್ಕೆ ಸಿಕ್ಕವನು ಬಲವಂತದಲ್ಲಿ ಮಾಡಿದ ಅಪರಾಧಕ್ಕೆ ಅವನನ್ನು ಶಿಕ್ಷಿಸಬಾರದು ಎಂಬ ತತ್ವವೊಂದು ನಮ್ಮ ವಿಷಯದಲ್ಲಿದೆ. ನಾನು ಹಳೆಯ ಎರಡು ಅಧ್ಯಾಯ ಬಿಟ್ಟು ಅದರ ಮೇಲೆಯೇ ಪ್ರಬಂಧ ಬರೆದೆ. ಮೌಖಿಕ ಪರೀಕ್ಷೆಯಲ್ಲಿ ನಿವೃತ್ತ ರಾಯಭಾರಿಗಳು, "ಆ ಹುಡುಗಿಯ ವಕಾಲತ್ತು ನಿನ್ನದಾಗಿದ್ದರೂ ಇದನ್ನೇ ಬರೆಯುತ್ತಿದ್ದೆಯಾ?" ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಅವರು ಮುಂದಿನ ಪ್ರಶ್ನೆಗೆ ಹೋದರು.

ಪರೀಕ್ಷೆ ಮುಗಿಸಿ ಊರಿಗೆ ಬಂದ ಮರುದಿನ ಹಾನಗಲ್ಲಿನಿಂದ ಫೋನು ಬಂತು. ಈ ಸಲ ಅಪ್ಪನಲ್ಲ, ಆ ಹುಡುಗಿಯೇ. ಹಾವೇರಿ ಬಸ್ ಸ್ಟ್ಯಾಂಡಿಗೆ ಬರುತ್ತೀರಾ, ಒಂದು ಮಾತು ಹೇಳುವುದಿದೆ ಎಂದಳು. ಹೋದೆ. ಫೋಟೊದಲ್ಲಿ ನೋಡಿದ್ದಕ್ಕಿಂತ ಬಹಳ ಇಳಿದಿದ್ದಳು. ಬೆಂಚಿನ ತುದಿಯಲ್ಲಿ ಕೂತು, ನನ್ನತ್ತ ನೋಡದೆ ಹೇಳಿದಳು.

"ಸರ್ ಒಬ್ಬರಽ ಅಲ್ರಿ ಅಕ್ಕಾರ. ನಾನೂ ಕರದೇನಿ."

"ಯಾರನ್ನ?"

"ಕಾಲೇಜಿನ್ಯಾಗ ನನ್ನ ಗೆಳತಿ. ಹತ್ತಿಮತ್ತೂರಕಿ. ನಾನು ಬರೂ ಮುಂದ ಆಕಿ ಇನ್ನೊಂದ ಕಟ್ಟಡದಾಗ ಉಳದ್ಲು. ಪೋಲಿಸ್ರಿಗೆ ಹೇಳಿಲ್ಲ. ಅಪ್ಪಗೂ ಹೇಳಿಲ್ಲ."

ಅವಳನ್ನು ಕರೆದುಕೊಂಡು ಅಲ್ಲಿಂದಲೇ ಹತ್ತಿಮತ್ತೂರಿಗೆ ಹೋದೆ. ದಾರಿಯುದ್ದಕ್ಕೂ ಅವಳು ಸೆರಗಿನ ಅಂಚು ಸುತ್ತುತ್ತ, ಬಿಚ್ಚುತ್ತ ಇದ್ದಳು. ಗೆಳತಿಯ ಅಪ್ಪ ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದರು. ಮಗಳ ಗೆಳತಿಯೆಂದು ಗುರುತು ಹಿಡಿದು ನಕ್ಕರು. "ಮೊನ್ನಿ ಆಯ್ತವಾರ ಮಾತಾಡಿದ್ಲು, ಆರಾಮ ಅದಾಳ" ಎಂದರು.

ಈ ಸಲ ನಾನು ಹೇಳಬೇಕಾಗಲಿಲ್ಲ. ಅವಳೇ ಹೇಳಿದಳು, ನಿಂತುಕೊಂಡೇ, ತಾನು ಕರೆದದ್ದನ್ನೂ ಬಿಡದೆ. ಅವರ ಕೈಯಲ್ಲಿದ್ದ ಮೆಣಸಿನಕಾಯಿ ಕೆಳಗೆ ಬಿದ್ದವು. ಅವಳನ್ನು ಬೈಯುತ್ತಾರೆ ಎಂದುಕೊಂಡೆ. ಅವರು ಬೈಯಲಿಲ್ಲ. "ಆಕಿ ತಮ್ಮ" ಎಂದರು. "ಆಕಿ ತಮ್ಮನ್ನೂ ಕರದಾಳ. ಮುಂಜಾನೆ ಎದ್ದ ಹುಬ್ಬಳ್ಳಿಗೆ ಹೋಗ್ಯಾನ. ಯಾರೋ ಹೊಸಾ ಏಜೆಂಟಗ ಪಾಸ್‌ಪೋರ್ಟ್ ಕೊಡಾಕ."

ಅವರು ಫೋನು ತೆಗೆದರು. ನಾನು ಇಸಕೊಂಡು ಹಚ್ಚಿದೆ. ಗಂಟೆ ಬಾರಿಸಿ ಬಾರಿಸಿ ನಿಂತಿತು. ಮತ್ತೆ ಹಚ್ಚಿದೆ. ಮನೆಯವರೆಲ್ಲ ಅಂಗಳಕ್ಕೆ ಬಂದು ನಿಂತಿದ್ದರು. ಕಡೆಗೊಮ್ಮೆ ಹುಡುಗ ಎತ್ತಿದ. ಹಿಂದೆ ಹಾರ್ನುಗಳ ಗದ್ದಲ. ಅಪ್ಪ ಫೋನು ಕಸಿದುಕೊಂಡರು.

"ಎಲ್ಲಿದ್ದಿ?"

"ಆಫೀಸಿನ ಮುಂದ ಅದೇನಿ. ಊಟಕ್ಕ ಹೋಗ್ಯಾರಂತ, ಕಾಯಾಕತ್ತೇನಿ."

"ಕಾಯಬ್ಯಾಡ. ಹೊಳ್ಳಿ ಬಾ."

"ಯಾಕ? ಅಕ್ಕಗ ಏನಾತು?"

ಹಾನಗಲ್ಲಿನ ಹುಡುಗಿ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದಳು. "ಹೊಳ್ಳಿ ಬಾ" ಎಂದರು ಅಪ್ಪ ಮತ್ತೆ, ಇನ್ನೂ ಮೆಲ್ಲಗೆ. "ಇದ್ದಂಗ ಹೊಳ್ಳಿ ಬಾ, ತಮ್ಮಾ." ಹಾರ್ನುಗಳ ನಡುವೆ ಅವನು ಹೂಂ ಅಂದದ್ದು ಕೇಳಿಸಿತು.

ಸಂಜೆಯ ಬಸ್ಸಿಗೆ ಅವನು ಬಂದ. ಅವನ ಅಕ್ಕ ಇನ್ನೂ ಬಂದಿಲ್ಲ.