ಹದಿನೇಳನೇ ಬಾವಿಯೂ ತೋದೇರನ ಹಟವೂ

ನಮ್ಮ ಮೊಯ್ನೆಷ್ಟಿ ಪಟ್ಟಣದಲ್ಲಿ ಎಣ್ಣೆಬಾವಿಗಳು ಕೋಳಿಗೂಡಿನ ಪಕ್ಕದಲ್ಲೂ ಇವೆ, ಪ್ಲಮ್ ತೋಟದ ನಡುವೆಯೂ ಇವೆ. ಪಂಪುಗಳು ದಿನವಿಡೀ ತಲೆಯಾಡಿಸುತ್ತಿದ್ದರೆ ಊರಿಗೇ ನೆಮ್ಮದಿ. ಮೂವತ್ತೆಂಟು ವರ್ಷ ಅವುಗಳ ಆರೈಕೆ ಮಾಡಿದವನು ತೋದೇರ್. ಎಂಟನೆಯ ತರಗತಿಗೇ ಶಾಲೆ ಬಿಟ್ಟವನಾದರೂ ಪಂಪಿನ ನರಳಾಟ ಕೇಳಿಯೇ ಬಾವಿಯ ಹೊಟ್ಟೆಯಲ್ಲಿ ಏನು ಕಟ್ಟಿದೆಯೆಂದು ಹೇಳುತ್ತಿದ್ದ. ಅವನ ಜೊತೆ ಕೊಳವೆ ಎಳೆದವನು ನಾನು. ಅವನ ಮಾತು ಸುಳ್ಳಾದದ್ದನ್ನು ಒಂದೇ ಸಲ ಕಂಡೆ.

ಹದಿನೇಳನೇ ಬಾವಿ ಅವನ ಕೈಗೆ ಮೊದಲು ಬಂದ ಬಾವಿ, ಹಿರಿಮಗಳಿದ್ದ ಹಾಗೆ. ದಿನಕ್ಕೆ ಎಂಟು ಪೀಪಾಯಿ ಕೊಡುತ್ತಿದ್ದದ್ದು ಒಂದಕ್ಕಿಳಿಯಿತು. ಒಳಗೆ ಕಟ್ಟಿದ್ದನ್ನು ಕರಗಿಸಲು ಇನ್ನೊಂದೇ ಒಂದು ಸಲ ಔಷಧ ಹಾಕಿ, ಫಲ ಕಾಣದಿದ್ದರೆ ಶನಿವಾರ ಸಿಮೆಂಟು ಸುರಿದು ಮುಚ್ಚಿ ಎಂದು ಕಚೇರಿಯ ಆಜ್ಞೆ ಬಂತು.

"ತೋದೇರ್ ಮಾಮ, ಕೆಳಗೆ ಸುಣ್ಣ ಕಟ್ಟಿರಬಹುದು. ಆಸಿಡ್ ಹಾಕೋಣ," ಎಂದಳು ಹೊಸ ಇಂಜಿನಿಯರ್ ಲಾವಿನಿಯಾ.

"ಸುಣ್ಣನಾ! ಅಮ್ಮಣ್ಣೀ, ಈ ಊರಿನ ಎಣ್ಣೇಲಿ ಇರೋದೇ ಮೇಣ. ಬಿಸಿ ದ್ರಾವಕ ತರಿಸು, ಬೆಣ್ಣೆ ಕರಗಿದ ಹಾಗೆ ಕರಗ್ತದೆ. ನೀನು ಹುಟ್ಟೋಕ್ಕೆ ಮುಂಚೇನೇ ಈ ಬಾವಿ ನನ್ನ ಹತ್ರ ಮಾತಾಡ್ತಿತ್ತು!"

ತಂಡದವರೆಲ್ಲ ನಕ್ಕೆವು. ಹಿಂದಿನ ನಾಲ್ಕು ಬಾವಿಗಳಲ್ಲೂ ಅವನ ಮಾತೇ ಗೆದ್ದಿತ್ತು. ಹುಡುಗಿ ಸೋತು ದ್ರಾವಕದ ಟ್ಯಾಂಕರ್ ಕಳಿಸಲು ಕಚೇರಿಗೆ ಬರೆದಳು.

ಆ ಸಂಜೆ ನಾನು ಅವನ ಮನೆಯಲ್ಲಿ ಊಟಕ್ಕೆ ಕೂತಿದ್ದೆ. ಆ ಬಾವಿಯ ಕೊಳವೆಯಿಂದ ಕೆತ್ತಿ ತಂದ ಕಪ್ಪು ಚೂರನ್ನು ತೋದೇರ್ ಮೇಜಿನ ಮೇಲಿಟ್ಟು, ಇದೇ ಮೇಣ ಎಂದು ಮೆರೆಯುತ್ತಿದ್ದ. ಹೆಂಡತಿ ಸಾಫ್ತಾ ಅದನ್ನು ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿ ಗೀರಿ ನೋಡಿದಳು.

"ಮೇಣಕ್ಕೆ ಉಗುರು ಇಳೀಬೇಕು. ಇದಕ್ಕೆ ನನ್ನ ಉಗುರೇ ಮುರೀತು. ನಮ್ಮ ಕೆಟಲ್ ತಳದಲ್ಲಿ ಕೂರೋ ಸುಣ್ಣ ಇದೇ ರೀ."

"ಬಾವಿ ಅಂದ್ರೆ ನಿನ್ನ ಟೀ ಪಾತ್ರೆನೇನೇ?"

ಸಾಫ್ತಾ ಎದ್ದು ಕೆಟಲ್ ತೊಳೆಯುವ ಸೀಸೆ ತಂದಳು. ತಟ್ಟೆಗೆ ವಿನೆಗರ್ ಸುರಿದು ಚೂರನ್ನು ಅದರೊಳಗೆ ಬಿಟ್ಟಳು. ಸುಯ್ ಎಂದು ನೊರೆಯೆದ್ದಿತು; ಮೇಣವಾಗಿದ್ದರೆ ಹಾಗೇ ಬಿದ್ದಿರುತ್ತಿತ್ತು. ತೋದೇರನ ಚಮಚ ಬಾಯಿಯ ಹತ್ತಿರವೇ ನಿಂತಿತು.

"ಕೇಳಿಸ್ಕೊಳ್ಳಿ, ನಿಮ್ಮ ಬಾವಿ ಮಾತಾಡ್ತಿದೆ," ಎಂದಳು ಸಾಫ್ತಾ.

ತೋದೇರ್ ಸುಮ್ಮನಿದ್ದುಬಿಟ್ಟಿದ್ದರೆ ಅವನ ಮಾನ ಉಳಿಯುತ್ತಿತ್ತು, ಬಾವಿ ಸಾಯುತ್ತಿತ್ತು. ಆದರೆ ಬೆಳಿಗ್ಗೆ ಅವನು ಟ್ಯಾಂಕರಿಗಿಂತ ಮೊದಲೇ ಬಾವಿಗೆ ಹೋಗಿ, ಇಡೀ ತಂಡದೆದುರು ಟೋಪಿ ತೆಗೆದ.

"ಅಮ್ಮಣ್ಣೀ, ನಾನು ತಪ್ಪು ಹೇಳ್ದೆ. ಅದು ಸುಣ್ಣಾನೇ. ದ್ರಾವಕ ಬಂದ್ರೆ ವಾಪಸ್ ಕಳ್ಸು."

"ಏನೋ ತೋದೇರ, ಬಾವಿ ಮಾತು ತಿರುಗಿಸ್ತಾ?" ಎಂದು ಹಿಂದಿನಿಂದ ಯಾರೋ ಕಿಚಾಯಿಸಿದರು.

"ಬಾವಿ ಸರಿಯಾಗೇ ಹೇಳಿತ್ತು ಕಣೋ. ನನ್ನ ಕಿವೀಲೇ ಮೇಣ ತುಂಬಿತ್ತು!"

ಲಾವಿನಿಯಾ ನಗಲಿಲ್ಲ. ಇನ್ನೊಂದು ಚೂರನ್ನು ತಾನೂ ಪರೀಕ್ಷಿಸಿ, ಕೊಳವೆಯ ಕಬ್ಬಿಣ ತಿನ್ನದಂತೆ ತಡೆಯುವ ಮದ್ದು ಬೆರೆಸಿದ ಆಸಿಡನ್ನು ಬಾವಿಗಿಳಿಸಿದಳು. ಕೆಲವು ಗಂಟೆ ಕಾದೆವು. ಮೊದಲು ಕೊಳಕು ನೀರು ಬಂತು, ಆಮೇಲೆ ಕಪ್ಪಗೆ, ದಪ್ಪಗೆ ಎಣ್ಣೆ. ಶುಕ್ರವಾರಕ್ಕೆ ದಿನಕ್ಕೆ ಆರು ಪೀಪಾಯಿ! ಸಿಮೆಂಟಿನ ಮಾತು ಅಲ್ಲಿಗೇ ಸತ್ತಿತು.

"ಕಂಡುಹಿಡಿದೋರು ಯಾರು ಅಂತ ವರದೀಲಿ ಬರೀಬೇಕು ಮಾಮ."

"ಸಾಫ್ತಾ ಅಂತ ಬರೀ. ದೊಡ್ಡಕ್ಷರದಲ್ಲಿ ಬರೀ."

ಬರೆದದ್ದನ್ನು ಎರಡು ಸಲ ಓದಿಸಿಕೊಂಡು, ತೋದೇರ್ ಹೆಂಡತಿಗೆ ಸುದ್ದಿ ಮುಟ್ಟಿಸಲು ಬಿರಬಿರನೆ ಮನೆಯತ್ತ ನಡೆದ.