ಬೀಡಿ ಸಡಿಲವಾದದ್ದು ಯಾಕೆ?

ಕಟ್ಟಿದ ಬೀಡಿ ಸಡಿಲವಾಯಿತೆಂದು ಯಾರಾದರೂ ಆಸ್ಪತ್ರೆಗೆ ಹೋಗುತ್ತಾರೆಯೇ? ನನ್ನ ಪಕ್ಕದ ಮನೆಯ ಸುಂದರಿ ಹೋದಳು. ಸರಿಯಾಗಿ ಹೇಳಬೇಕೆಂದರೆ, ನಾವು ಎಳೆದುಕೊಂಡು ಹೋದೆವು.

(ಸುಂದರಿ ಅವಳ ನಿಜವಾದ ಹೆಸರಲ್ಲ. "ನನ್ನ ಹೆಸರೇ ಹಾಕಿ ಅಕ್ಕ, ನಾನೇನು ಕದ್ದಿದ್ದೇನಾ?" ಎಂದು ಜಗಳಕ್ಕೇ ಬಂದಳು. ಧೈರ್ಯ ಸಾಲದೆ ಬದಲಾಯಿಸಿದವಳು ನಾನು.)

ಸಣ್ಣ ಹುಡುಗಿಯಾಗಿದ್ದಾಗಿನಿಂದ ಬೀಡಿ ಕಟ್ಟುವವಳು ಸುಂದರಿ. ಕಣ್ಣು ಟಿವಿಯಲ್ಲಿದ್ದರೂ ಬೆರಳು ತಪ್ಪುವುದಿಲ್ಲ. ಅಂಥವಳ ಬೀಡಿಯನ್ನು ಬೀಡಿ ಕಂಪನಿಯ ಬ್ರ್ಯಾಂಚಿನ ಚೆಕ್ಕರ್ ಸಡಿಲವೆಂದು ಮೂರು ವಾರ ವಾಪಸ್ ಕಳಿಸಿದ. ಅವನಿಗೆ ಹಿಡಿಶಾಪ ಹಾಕುತ್ತಾ ಬಂದವಳು ನನಗೆ ಬಲಗೈ ತೋರಿಸಿದಳು. ಕಿರುಬೆರಳು ಬಾಗಿತ್ತು. ಅಂಗೈ ಬದಿಯಲ್ಲಿ ಸುಟ್ಟ ಗಾಯ.

"ಕಾವಲಿ ತಾಗಿದ್ದು ಗೊತ್ತೇ ಆಗ್ಲಿಲ್ಲ ಅಕ್ಕ. ಬೀಡಿ ಕಟ್ಟಿ ಕಟ್ಟಿ ಕೈ ಮರಗಟ್ಟಿದೆ."

ನಾನೂ ಹೌದೆಂದೆ. ಮುಲಾಮು ಕೊಟ್ಟೆ. ಬೀಡಿ ಕಟ್ಟುವ ಊರಲ್ಲಿ ಸೊಂಟ ನೋವು, ಕೆಮ್ಮು, ಕೈ ಜೋಮು ಎಲ್ಲದರ ತಪ್ಪೂ ಬೀಡಿಯದ್ದೇ ತಾನೆ?

ಅದೇ ವಾರ ಆಶಾ ಕಾರ್ಯಕರ್ತೆ ಮೈಮೂನಾ ಕುಷ್ಠರೋಗದ ಸರ್ವೆಗೆ ಬಂದಳು. "ಮೈಮೇಲೆ ಮಚ್ಚೆ ಉಂಟಾ?" ಸುಂದರಿ ಇಲ್ಲ ಎಂದಳು. ನಿಜವೇ, ಒಂದೂ ಇರಲಿಲ್ಲ. ಆದರೆ ಮೈಮೂನಾ ಆ ಗಾಯ ನೋಡಿದವಳು ಅಲ್ಲಿಂದ ಕದಲಲಿಲ್ಲ. "ನಾಳೆ ಬಂಟ್ವಾಳದ ಆಸ್ಪತ್ರೆಗೆ ಹೋಗುವ. ನೀವೂ ಬನ್ನಿ ಅಕ್ಕ" ಎಂದು ನನ್ನನ್ನೂ ಹೊರಡಿಸಿದಳು.

ಡಾಕ್ಟರು ಸುಂದರಿಗೆ ಕಣ್ಣು ಮುಚ್ಚಿಸಿ ಕೈಗೆ ಪೆನ್ನು ತಾಗಿಸಿದರು. ಕಿರುಬೆರಳಿನ ಬದಿಗೆ ತಾಗಿದ್ದು ಅವಳಿಗೆ ತಿಳಿಯಲೇ ಇಲ್ಲ. ಮೊಣಕೈಯ ನರ ಹಗ್ಗದಂತೆ ದಪ್ಪಗಾಗಿತ್ತು.

"ಕುಷ್ಠ. ಕೆಲವರಿಗೆ ಒಂದೆರಡು ಮಚ್ಚೆ, ಕೆಲವರಿಗೆ ಮೈತುಂಬ. ಕೆಲವರಿಗೆ ಮಚ್ಚೆ ಎದ್ದು ಕಾಣುವುದಿಲ್ಲ, ಮುಖ, ಕಿವಿ ದಪ್ಪಗಾಗಿ ಮಿನುಗ್ತದೆ. ನಿಮ್ಮದು ಬರೀ ನರದ್ದು. ಬೆಳ್ತಂಗಡಿ, ಮೂಡುಬಿದಿರೆ ಕಡೆಯಲ್ಲೂ ಉಂಟು. ಹೋಗಿಬಿಟ್ಟ ಕಾಯಿಲೆ ಅಂತ ನಾವು ತಿಳಿದದ್ದು, ಅಷ್ಟೆ. ಒಂದು ವರ್ಷ ಮಾತ್ರೆ, ಫ್ರೀ. ಮಾತ್ರೆ ಸುರು ಮಾಡಿದ ಮೇಲೆ ಇನ್ನೊಬ್ಬರಿಗೆ ಹರಡುದಿಲ್ಲ."

"ಬೆರಳು?" ಸುಂದರಿ ಕೇಳಿದ್ದು ಅದೊಂದೇ.

"ಬಾಗಿದ್ದು ಪೂರ್ತಿ ನೆಟ್ಟಗಾಗ್ತದೆ ಅಂತ ಹೇಳ್ಲಿಕ್ಕಾಗುದಿಲ್ಲ. ಮಾತ್ರೆ ತಪ್ಪಿಸದಿದ್ರೆ ಉಳಿದದ್ದನ್ನು ಉಳಿಸ್ಲಿಕ್ಕಾಗ್ತದೆ."

"ಹಾಗಾದ್ರೆ ಇವತ್ತೇ ಕೊಡಿ." ಅಲ್ಲೇ ನೀರು ಕೇಳಿ ಮೊದಲ ಡೋಸ್ ನುಂಗಿದಳು.

ಬರುವಾಗ ಹೋಟೆಲಿಗೆ ಹೊಕ್ಕೆವು. ಸುಂದರಿ ತನ್ನ ಬನ್ಸ್ ಮುರಿದು ಅರ್ಧ ನನ್ನ ಕಡೆ ಚಾಚಿದಳು. "ಹಸಿವಿಲ್ಲ ಮಾರಾಯ್ತಿ" ಎಂದೆ. ಹೊಟ್ಟೆ ಚುರುಗುಟ್ಟುತ್ತಿತ್ತು. ಮೈಮೂನಾ ಆ ಅರ್ಧವನ್ನು ತೆಗೆದುಕೊಂಡು ಬಾಯಿಗೆ ಹಾಕಿಕೊಂಡಳು. ವಾರವಾರ ಈ ಅಂಕಣದಲ್ಲಿ ನಿಮಗೆ ಬುದ್ಧಿ ಹೇಳುವವಳ ಹಣೆಬರಹ ಇದು. ನಾಚಿಕೆಯಾಯಿತು, ಈಗಲೂ ಆಗುತ್ತಿದೆ.

ಮರುದಿನ ಸುಂದರಿ ಎಂದಿನಂತೆ ಮೊರ ಹಿಡಿದು ನಮ್ಮ ಜಗಲಿಗೆ ಬಂದಳು. ಅಲ್ಲಿ ನಾಲ್ಕು ಮನೆಯ ಹೆಂಗಸರು ಒಟ್ಟಿಗೆ ಕೂತು ಬೀಡಿ ಕಟ್ಟುವುದು ಮೊದಲಿನಿಂದ ಇದ್ದದ್ದೇ. ಕಾಯಿಲೆಯ ಹೆಸರನ್ನು ತಾನೇ ಹೇಳಿದಳು. ಪಕ್ಕದಲ್ಲಿದ್ದ ಜಯಂತಿ ತನ್ನ ಮೊರವನ್ನು ಆಚೆ ಸರಿಸಿದಳು. ಬೈಯಬೇಕೆಂದು ಬಾಯಿ ತೆರೆದೆ. ಯಾವ ಮುಖದಲ್ಲಿ ಬೈಯಲಿ?

ಸುಂದರಿ ಎದ್ದು ಹೋಗಲಿಲ್ಲ. ಮಾತ್ರೆಯ ಪಟ್ಟಿ ತೆಗೆದು ಎಲ್ಲರ ಎದುರೇ ಅಂದಿನದ್ದನ್ನು ನುಂಗಿದಳು. ಆಮೇಲೆ ಜಯಂತಿಯನ್ನು ಕೇಳಿದಳು, ನನ್ನ ಮುಖವನ್ನೂ ನೋಡುತ್ತಾ:

"ಮದ್ದಿಲ್ಲದೆ ಇಷ್ಟು ಸಮಯ ನಿಮ್ಮ ಪಕ್ಕವೇ ಕೂತಿದ್ದೆ, ಆಗ ಬೇಡ ಆಗ್ಲಿಲ್ಲ, ಮದ್ದು ತಿನ್ಲಿಕ್ಕೆ ಸುರು ಮಾಡಿದ ಮೇಲೆ ಬೇಡ ಆದೆನಾ?"