ರೇಡಿಯೇಟರ್ ಮೇಲಿನ ಬೂಟು

ಮೊನ್ನೆ ಮೊಮ್ಮಗ ಮಳೆಯಲ್ಲಿ ನೆನೆದು ಬಂದವನು ಶಾಲೆಯ ಬೂಟನ್ನು ಕೋಣೆ ಕಾಯಿಸುವ ರೇಡಿಯೇಟರ್ ಮೇಲೆ ಇಟ್ಟು ಮಹಡಿಗೆ ಹೋದ. ಸ್ವಲ್ಪ ಹೊತ್ತಿಗೆ ಮನೆಯೆಲ್ಲ ಕಾದ ಹಸಿ ಚರ್ಮದ ವಾಸನೆ. ಒಳ್ಳೆಯ ವಾಸನೆ ಏನಲ್ಲ. ಆದರೂ ಕಿಟಕಿ ತೆಗೆಯಲು ಮನಸ್ಸಾಗಲಿಲ್ಲ. ಆ ಅಮೆರಿಕದ ಹುಡುಗ ನೆನಪಾದ...

ಆಗ ನಾವು ಲಂಡನ್ನಿನ ಸೌತ್‌ಹಾಲ್‌ನಲ್ಲಿದ್ದೆವು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮವರು ಬೆಳಿಗ್ಗೆ ಏರ್‌ಪೋರ್ಟಿಗೆ ಸಾಮಾನು ಹೇರುವ ಕೆಲಸಕ್ಕೆ ಹೋಗುತ್ತಿದ್ದರು. ನನ್ನದು ಪಾರ್ಕ್ ರಾಯಲ್‌ನ ಸ್ಯಾಂಡ್‌ವಿಚ್ ಕಾರ್ಖಾನೆಯಲ್ಲಿ ಸಂಜೆಯ ಪಾಳಿ. ಹಗಲೆಲ್ಲ ಮನೆಯಲ್ಲಿ ನಾನೊಬ್ಬಳೇ.

ಒಂದು ದಿನ ಬೆಲ್ ಆಯಿತು. ತೆಗೆದರೆ ಇಬ್ಬರು ಹುಡುಗರು. ಬಿಳಿ ಶರ್ಟು, ಟೈ, ಎದೆಯ ಮೇಲೆ ಕರಿ ಬಿಲ್ಲೆ. ಬಿಲ್ಲೆಯಲ್ಲಿ ಎಲ್ಡರ್, ಅಂದರೆ ಹಿರಿಯ, ಅಂತ ಬರೆದಿತ್ತು. ನನ್ನ ಇಂಗ್ಲಿಷು ಕಾರ್ಖಾನೆಯಲ್ಲಿ ಕಲಿತದ್ದು, ಅರ್ಧ ಕೈಸನ್ನೆ. ಇಲ್ಲಿ ನನ್ನ ಮಾತಿನಲ್ಲೇ ಬರೆಯುತ್ತೇನೆ.

“ಮೀಸಿ ಮೂಡಿಲ್ಲ, ಎಲ್ಲಿ ಹಿರಿಯಾ ನೀ?” ಅಂದೆ.

ಉದ್ದನೆಯವನು ನಕ್ಕ. ಗಿಡ್ಡ ಜೊತೆಗಾರ ನಗಲಿಲ್ಲ. ಅವರು ಮಾರ್ಮನ್ ಅನ್ನುವ ಕ್ರೈಸ್ತ ಪಂಥದವರಂತೆ. ಎರಡು ವರ್ಷ ಮನೆ ಬಿಟ್ಟು ಪರದೇಶದಲ್ಲಿ ಬಾಗಿಲು ಬಾಗಿಲಿಗೆ ಹೋಗಿ ತಮ್ಮ ದೇವರ ಮಾತು ಹೇಳಬೇಕಂತೆ. ಒಬ್ಬರನ್ನೊಬ್ಬರು ಬಿಟ್ಟು ಒಂದು ಹೆಜ್ಜೆ ಇಡುವಂತಿಲ್ಲ.

“ನನ್ನ ದೇವರು ಒಳಗ ಅದಾನ, ನನಗ ಅವ ಸಾಕು. ಬ್ಯಾರೆ ಮಾತಿದ್ರ ಒಳಗ ಬರ್ರಿ, ಚಾ ಕುಡೀರಿ.”

ಮನೆಯಲ್ಲಿ ಗಂಡಸರಿಲ್ಲದಾಗ ಒಳಗೆ ಬರುವಂತಿಲ್ಲ ಅಂದ ಆ ಉದ್ದನೆಯ ಹುಡುಗ. ಚಹಾ ಕುಡಿಯುವಂತೆಯೂ ಇಲ್ಲ. ನಾನು ಅವನ ತಾಯಿಯ ವಯಸ್ಸಿನವಳು. ನಮ್ಮ ಅತ್ತೆಯ ಮನೆಯಲ್ಲೂ ಇಷ್ಟು ಕಟ್ಟಳೆ ಇರಲಿಲ್ಲ. ಆದರೆ ಬಾಗಿಲಿಗೆ ಬಂದವರನ್ನು ಹಾಗೇ ಕಳಿಸಿ ನನಗೆ ರೂಢಿಯಿಲ್ಲ. ಎರಡು ಕುರ್ಚಿ ಹೊರಗೆ ಹಾಕಿದೆ. ಮಜ್ಜಿಗೆ ಕೊಟ್ಟೆ, ರೊಟ್ಟಿ ಮೇಲೆ ಶೇಂಗಾ ಚಟ್ನಿ ಹಾಕಿ ಕೊಟ್ಟೆ. ನಾನು ಹೊಸ್ತಿಲ ಒಳಗೆ ಮಣೆ ಹಾಕಿಕೊಂಡು ಕುಳಿತೆ. ಖಾರಕ್ಕೆ ಹುಡುಗನ ಕಣ್ಣು ಮೂಗಲ್ಲೆಲ್ಲ ನೀರು. ಆದರೂ ತಟ್ಟೆ ಖಾಲಿ ಮಾಡಿದ.

ಆಮೇಲೆ ಆ ಕಡೆ ಬಂದಾಗಲೆಲ್ಲ ಕುರ್ಚಿ ಹಾಕುವುದೇ ಆಯಿತು. ನಮ್ಮ ಬೀದಿಯಲ್ಲಿ ಅವರಿಗೆ ಬೇರೆ ಯಾರೂ ಬಾಗಿಲು ತೆಗೆಯುತ್ತಿರಲಿಲ್ಲ. ತೆಗೆದವರೂ ಮುಚ್ಚುವುದಕ್ಕೇ ತೆಗೆಯುತ್ತಿದ್ದರು. ದಿನವೆಲ್ಲ ನಡೆದು ನಡೆದು ಹುಡುಗನ ಬೂಟಿನ ಹಿಮ್ಮಡಿ ಒಂದು ಕಡೆ ಸವೆದು ಹೋಗಿತ್ತು. ಅಮೆರಿಕದಲ್ಲಿ ಅವನದು ಆಲೂಗಡ್ಡೆ ಬೆಳೆಯುವ ಊರಂತೆ. ಹೊರಡುವ ದಿನ ಊರಿಗೆ ಊರೇ ಕಳಿಸಲು ಬಂದಿತ್ತು ಅಂತ ಹೇಳುತ್ತಿದ್ದ.

ಆ ಚಳಿಗಾಲ ಅವನ ತಾಯಿಗೆ ಆಪರೇಷನ್ ಆಯಿತು. ಆರಾಮಿದ್ದೇನೆ ಅಂತ ಕಾಗದ ಬಂತು. ಹುಡುಗ ನಂಬಲಿಲ್ಲ.

“ಕಾಗದದಲ್ಲಿ ಎಲ್ಲರೂ ಆರಾಮಾಗಿಯೇ ಇರುತ್ತಾರೆ,” ಅಂದ. “ಧ್ವನಿ ಕೇಳಬೇಕು.”

ಮನೆಗೆ ಫೋನ್ ಮಾಡಲು ಅವರಿಗೆ ವರ್ಷಕ್ಕೆ ಎರಡೇ ಸಲ ಅನುಮತಿ. ಕ್ರಿಸ್‌ಮಸ್ಸಿಗೆ ಒಂದು, ತಾಯಂದಿರ ದಿನಕ್ಕೆ ಒಂದು. ಕ್ರಿಸ್‌ಮಸ್ ಮುಗಿದಿತ್ತು. ನಿಮ್ಮ ದೊಡ್ಡವರನ್ನು ಕೇಳು ಅಂದೆ. ಕೇಳಿದರೆ ಅಳುಬುರುಕ ಅಂದಾರು ಅಂತ ಅವನ ಅಂಜಿಕೆ. ಎಲ್ಲ ಬಿಟ್ಟು ಊರಿಗೇ ಹೋಗಿಬಿಡುತ್ತೇನೆ ಅಂದ.

“ಹೋಗು. ಯಾರ ಹಿಡ್ದಾರ? ಆದ್ರ ಅರ್ಧಕ್ಕ ಬಿಟ್ಟು ಬಂದೆ ಅಂತ ನಾಳೆ ಅಳಬ್ಯಾಡ.”

ಹಾಗೆ ಅಂದೆನೇ ಹೊರತು, ಆ ದಿನ ಕಾರ್ಖಾನೆಯ ಬೆಲ್ಟಿನ ಮುಂದೆ ನಿಂತಾಗ ಅವನ ಮುಖವೇ ಕಣ್ಣಿಗೆ ಕಟ್ಟಿತ್ತು...

ಮಾರ್ಚ್ ಬಂತು. ನಮ್ಮ ಬ್ರಾಡ್‌ವೇ ಬೀದಿಯ ಅಂಗಡಿಗಳಲ್ಲೆಲ್ಲ ತಾಯಂದಿರ ದಿನದ ಕಾರ್ಡು, ಹೂವು. ಕೆಲಸ ಆಯಿತು ಅಂದುಕೊಂಡೆ. ರವಿವಾರ ನಮ್ಮವರು ಇರುತ್ತಾರೆ, ಊಟಕ್ಕೆ ಬನ್ನಿ ಅಂತ ಇಬ್ಬರಿಗೂ ಹೇಳಿದೆ. ಫೋನಿನ ಸುದ್ದಿ ಮಾತ್ರ ಬಾಯಿ ಬಿಡಲಿಲ್ಲ.

ಅವತ್ತು ಮಳೆ. ಮೊದಲ ಸಲ ಹೊಸ್ತಿಲು ದಾಟಿದರು. ತೊಯ್ದ ಬೂಟು ಬಿಚ್ಚಿಸಿ, ಒಳಗೆ ಪೇಪರ್ ತುರುಕಿ ರೇಡಿಯೇಟರ್ ಮೇಲೆ ಇಟ್ಟೆ. ಹೋಳಿಗೆ ಬಡಿಸಿ, ಫೋನ್ ತಂದು ಹುಡುಗನ ಮುಂದಿಟ್ಟೆ.

“ಹಚ್ಚು. ಇವತ್ತ ಅವ್ವಗೋಳ ದಿನ.”

ಹುಡುಗ ಫೋನ್ ನೋಡಿದ, ಜೊತೆಗಾರನನ್ನು ನೋಡಿದ. “ನಮ್ಮಲ್ಲಿ ಅದು ಮೇ ತಿಂಗಳಲ್ಲಿ,” ಅಂದ.

ಅವ್ವನ ದಿನ ದೇಶಕ್ಕೊಂದು ಇರುತ್ತದೆ ಅಂತ ನನಗೇನು ಗೊತ್ತು?

“ಹಚ್ಚೋ ತಮ್ಮಾ, ನಿಮ್ಮ ಸಾಹೇಬ್ರು ಇಲ್ಲಿ ನೋಡಾಕ ಬರ್ತಾರೇನು?” ಅಂದರು ನಮ್ಮವರು.

ಹುಡುಗ ರಿಸೀವರ್ ಮೇಲೆ ಕೈ ಇಟ್ಟ. ಹಾಗೇ ಕೈ ಹಿಂದಕ್ಕೆ ತೆಗೆದ. “ಮಾತು ಕೊಟ್ಟಿದ್ದೇನೆ.”

ನಾನು ಸೋಮವಾರ ಒಪ್ಪತ್ತು ಮಾಡುವವಳು. ಯಾರೂ ನೋಡುವುದಿಲ್ಲ ತಿನ್ನು ಅಂದರೆ ನನಗೂ ಸಿಟ್ಟು ಬರುತ್ತದೆ. “ನೀವು ಸುಮ್ನಿರ್ರಿ,” ಅಂತ ನಮ್ಮವರಿಗೆ ಹೇಳಿ, ಜೊತೆಗಾರನ ಕಡೆ ತಿರುಗಿದೆ.

“ಅವ ಹಚ್ಚಬಾರದು. ನಾ ಹಚ್ಚಬಹುದೇನು?”

ಅವನು ಬಾಯಲ್ಲಿದ್ದ ಹೋಳಿಗೆ ನುಂಗಿ ಯೋಚನೆ ಮಾಡಿದ. “ನಿಮ್ಮ ಮನೆ, ನಿಮ್ಮ ಫೋನು. ನಿಯಮ ನಮಗೆ, ನಿಮಗಲ್ಲ,” ಅಂದ. ಅವನು ನಕ್ಕದ್ದನ್ನು ನಾನು ಕಂಡದ್ದು ಅವತ್ತೇ.

ಹುಡುಗ ನಂಬರ್ ಹೇಳುತ್ತ ಹೋದ, ನಾನು ಒತ್ತುತ್ತ ಹೋದೆ. ಅಲ್ಲಿ ಇನ್ನೂ ಬೆಳಗಂತೆ. ಒಬ್ಬ ಹೆಂಗಸು ಎತ್ತಿದಳು.

“ನಿಮ್ಮ ಮಗಗ ಏನೂ ಆಗಿಲ್ಲ,” ಅಂತ ಮೊದಲು ಹೇಳಿದೆ. “ನಾ ಲಂಡನ್ನಿಂದ. ನಮ್ಮ ಮನ್ಯಾಗ ಉಂಡು ಕುಂತಾನ. ಅವ ಮಾತಾಡಂಗಿಲ್ಲ, ನಾ ಮಾತಾಡ್ತೀನಿ. ನೀವು ಹ್ಯಾಂಗ ಅದೀರಿ?”

ಆ ಕಡೆಯಿಂದ ನಗು ಬಂತು. ನಾನು ರಿಸೀವರನ್ನು ಕಿವಿಯಿಂದ ದೂರ ಹಿಡಿದೆ, ಧ್ವನಿ ಕೋಣೆಯಲ್ಲಿ ಬೀಳಲಿ ಅಂತ. ಎದ್ದು ಓಡಾಡುತ್ತೇನೆ, ದನದ ಕೊಟ್ಟಿಗೆಯವರೆಗೂ ಹೋಗಿ ಬರುತ್ತೇನೆ ಅಂದಳು. ಆಮೇಲೆ ಒಂದೇ ಮಾತು ಕೇಳಿದಳು.

“ಬೂಟು ಒಣಗಿಸಿಕೊಳ್ಳುತ್ತಾನಾ? ಚಿಕ್ಕಂದಿನಿಂದಲೂ ಹಸಿ ಬೂಟಿನಲ್ಲೇ ತಿರುಗುತ್ತಾನೆ.”

“ನಮ್ಮ ರೇಡಿಯೇಟರ್ ಮ್ಯಾಲ ಅದಾವ. ಇನ್ನ ಹಸಿ ಅದಾವ. ಒಣಗ್ತಾವ.”

ಹುಡುಗ ತಟ್ಟೆಯ ಮೇಲೆ ಬಗ್ಗಿದ್ದ. ಭುಜ ಅಲುಗುತ್ತಿತ್ತು. ನಕ್ಕನೋ ಅತ್ತನೋ, ನಾನು ನೋಡಲು ಹೋಗಲಿಲ್ಲ.

ಅವನು ಊರಿಗೆ ಹೋಗಲಿಲ್ಲ. ಏಪ್ರಿಲ್‌ನಲ್ಲಿ ಅವನನ್ನು ಲಂಡನ್ನಿನ ಇನ್ನೊಂದು ಕಡೆಗೆ ಹಾಕಿದರು. ಹೋಗುವ ದಿನ ಹೊಸ್ತಿಲ ಆಚೆ ನಿಂತು ಕೈ ಕುಲುಕಿದ. ಮೇ ತಿಂಗಳ ಒಂದು ರವಿವಾರ ಸಂಜೆ ನಮ್ಮ ಫೋನ್ ಹೊಡೆಯಿತು. ಆ ತಾಯಿ. “ಈಗ ತಾನೆ ಮಾತಾಡಿದ. ಎರಡು ವರ್ಷ ಮುಗಿಸಿಯೇ ಬರುತ್ತಾನಂತೆ,” ಅಂದಳು.

ಮುಗಿಸಿಯೇ ಹೋದ. ಕೆಲವು ವರ್ಷ ಕ್ರಿಸ್‌ಮಸ್ಸಿಗೆ ಕಾರ್ಡು ಬರುತ್ತಿತ್ತು. ಒಂದರಲ್ಲಿ ಹೆಂಡತಿಯ ಫೋಟೋ, ಇನ್ನೊಂದರಲ್ಲಿ ಕೂಸು. ನಾವು ಮನೆ ಬದಲಿಸಿ ಫೆಲ್ಥಮ್‌ಗೆ ಬಂದ ಮೇಲೆ ಅದೂ ನಿಂತಿತು. ನಮ್ಮವರು ತೀರಿಹೋದರು. ಆ ತಾಯಿ ನನಗಿಂತ ತುಸು ದೊಡ್ಡವಳು, ಇದ್ದಾಳೋ ಇಲ್ಲವೋ... ಅವನ ದೇವರನ್ನು ನಾನು ತೆಗೆದುಕೊಳ್ಳಲಿಲ್ಲ, ನನ್ನ ಖಾರ ಅವನಿಗೆ ಕೊನೆಯವರೆಗೂ ಹಿಡಿಸಲಿಲ್ಲ. ಆದರೂ ಒಮ್ಮೆ ನೋಡಬೇಕಿತ್ತು. ಇನ್ನು ನೋಡುವುದಿಲ್ಲ.

ಬೂಟು ಒಣಗಿತಾ ಅಂತ ಮೊಮ್ಮಗ ಮಹಡಿಯಿಂದ ಇಂಗ್ಲಿಷಿನಲ್ಲಿ ಕೂಗಿದ. ನಾನು ಎದ್ದು ಹಳೆಯ ಪೇಪರ್ ಹುಡುಕಿದೆ, ಉಂಡೆ ಮಾಡಿ ಒಂದೊಂದರೊಳಗೂ ತುರುಕಿದೆ.

“ಇನ್ನ ಹಸಿ ಅದಾವ,” ಅಂದೆ. “ಒಣಗ್ತಾವ.”